ಬ್ಯಾಗು ಇಳಿದ ಊರು

ಈ ಸಲದ ಪ್ರಯಾಣದಲ್ಲಿ ಒಂದು ನಿಮಿಷವೂ ಆಚೀಚೆ ಆಗುವುದಿಲ್ಲ ಎಂದು ಲೈಸನ್ ಕಮ್ವೆಂಡೊ ಮನೆಯವರೆಲ್ಲರ ಎದುರು ಘೋಷಿಸಿದರು. ಮೂವತ್ತೊಂದು ವರ್ಷ ಲಿಂಬೆ ಎಂಬ ತಮ್ಮ ಊರಿನ ರೈಲ್ವೆ ಕಚೇರಿಯಲ್ಲಿ ವೇಳಾಪಟ್ಟಿ ಬರೆದವರು ಅವರು. ರೈಲುಗಳು ಅದರಂತೆ ಓಡಿದವೋ ಇಲ್ಲವೋ, ಅದು ಬೇರೆ ವಿಭಾಗದ ಜವಾಬ್ದಾರಿ.

ಹೊರಟದ್ದು ಸಣ್ಣ ಕೆಲಸಕ್ಕಲ್ಲ. ತೀರಿಹೋದ ತಂಗಿ ಡೊರಿಕಾಳ ಮಗಳು ಅಲಿನಾಫೆ ಅಕ್ರಾದಲ್ಲಿ ನರ್ಸ್. ಅವಳಿಗೂ ಹುಡುಗನಿಗೂ ರಜೆ ಸಿಗದ ಕಾರಣ ನಿಶ್ಚಿತಾರ್ಥ ಅಲ್ಲೇ, ಶನಿವಾರ ಬೆಳಿಗ್ಗೆ. ಎರಡೂ ಕಡೆಯ ಸೋದರಮಾವಂದಿರು ಎದುರುಬದುರು ಕೂತು ಹುಂಜ, ಹೇಂಟೆ ಕೈಬದಲಾಯಿಸಬೇಕು. ಮಾವ ಬಾರದಿದ್ದರೆ ಹುಡುಗಿಯ ಪರವಾಗಿ ಮಾತಾಡುವವರೇ ಇಲ್ಲ, ನಿಶ್ಚಯವೂ ಇಲ್ಲ.

ಅಲಿನಾಫೆ ಫೋನಿನಲ್ಲಿ ಕೇಳಿದ್ದು ಒಂದೇ. "ಮಾವ, ಈ ದಿನಕ್ಕೆ ಅಂತ ಅಮ್ಮ ಎತ್ತಿಟ್ಟಿದ್ದ ಚಿತೆಂಜೆ ಇದ್ಯಲ್ಲ, ಅದನ್ನ ತನ್ನಿ. ಹೆಗಲ ಮೇಲೆ ಹೊದ್ದು ಕೂರ್ತೀನಿ. ಬೇರೇನೂ ಬೇಡ."

ಹೊರಡಲು ಇನ್ನೂ ವಾರಗಳಿರುವಾಗಲೇ ಕಮ್ವೆಂಡೊ ಆ ಬಟ್ಟೆಯನ್ನು ತಮ್ಮ ಕೈಯಾರೆ ಮಡಿಸಿ, ಕೆಂಪು ಬ್ಯಾಗಿನ ತಳದಲ್ಲಿ, ಸೂಟಿನ ಕೆಳಗೆ ಇಟ್ಟರು.

"ಅಡಿಸ್ ಅಬಾಬಾದಲ್ಲಿ ಒಂದು ದಿನ ಯಾಕ್ರೀ ಕೂರಬೇಕು?" ಎಂದು ಹೆಂಡತಿ ಎನಿಫಾ ಕೇಳಿದರು.

"ಅದು ಲೇಓವರ್ ಕಣೇ. ವಿಮಾನ ಬದಲಿಸೋ ಊರಲ್ಲಿ ಇಪ್ಪತ್ನಾಲ್ಕು ಗಂಟೆ ಒಳಗಿದ್ರೆ ಲೇಓವರ್. ಹೋಟೆಲು, ಊಟ ಎಲ್ಲಾ ವಿಮಾನದವರದ್ದು. ಬ್ಯಾಗು ನೇರ ಅಕ್ರಾಕ್ಕೆ. ಇಪ್ಪತ್ನಾಲ್ಕು ದಾಟಿದ್ರೆ ಸ್ಟಾಪ್‌ಓವರ್. ಆಗ ನಾವು ಆ ಊರಿಗೇ ಬಂದೋರು ಅಂತ ಲೆಕ್ಕ. ಬ್ಯಾಗೂ ಅಲ್ಲೇ ಇಳಿಯತ್ತೆ. ನಮ್ಮದು ಇಪ್ಪತ್ಮೂರು ಗಂಟೆ ಐವತ್ತು ನಿಮಿಷ."

"ಹತ್ತೇ ನಿಮಿಷ ಉಳೀತಾ?"

"ಹತ್ತು ನಿಮಿಷದಲ್ಲಿ ನಾನು ಒಂದು ಗೂಡ್ಸ್ ಗಾಡಿ ದಾಟಿಸಿದ್ದೀನಿ."

ಎರಡು ವಾರದ ನಂತರ ಫೋನಿಗೆ ಒಂದು ಸಂದೇಶ ಬಂತು. ಅಡಿಸ್‌ನಿಂದ ಶುಕ್ರವಾರ ಮಧ್ಯಾಹ್ನ ಒಂದಕ್ಕೆ ಹೊರಡಬೇಕಿದ್ದ ವಿಮಾನ ಒಂದೂವರೆಗೆ ಹೊರಡುತ್ತದೆ, ಒಪ್ಪಿಗೆಯೇ? ಅರ್ಧ ಗಂಟೆ ತಡವಾದರೆ ಊಟ ಸಾವಕಾಶವಾಗಿ ಆಗುತ್ತದೆ ಎಂದುಕೊಂಡು ಕಮ್ವೆಂಡೊ ಒಪ್ಪಿಗೆ ಒತ್ತಿದರು. ಜೀವಮಾನವೆಲ್ಲ ಹೊತ್ತು ಕೂಡಿ ಕಳೆದ ಮನುಷ್ಯ ಆ ಒಂದು ಲೆಕ್ಕವನ್ನು ಮಾತ್ರ ಮಾಡಲಿಲ್ಲ.

ಗುರುವಾರ ಮಧ್ಯಾಹ್ನ ಒಂದು ಹತ್ತಕ್ಕೆ, ಹೇಳಿದ ಹೊತ್ತಿಗೆ ಸರಿಯಾಗಿ, ವಿಮಾನ ಅಡಿಸ್‌ನಲ್ಲಿ ಇಳಿಯಿತು. ಹೋಟೆಲಿನ ಚೀಟಿ ಕೊಡುವ ಮೇಜಿನ ಹಿಂದಿದ್ದ ಹುಡುಗಿ ಟಿಕೆಟನ್ನು ನೋಡಿ ತಲೆಯಾಡಿಸಿದಳು.

"ಹೋಟೆಲು ಬರಲ್ಲ ಸರ್. ನಿಮ್ಮದು ಇಪ್ಪತ್ನಾಲ್ಕು ಗಂಟೆ ಇಪ್ಪತ್ತು ನಿಮಿಷ. ಸ್ಟಾಪ್‌ಓವರ್."

"ಆ ಇಪ್ಪತ್ತು ನಿಮಿಷ ನಿಮ್ಮೋರು ಸೇರಿಸಿದ್ದು."

"ನೀವು ಒಪ್ಪಿದ್ದೀರಿ ಸರ್. ಇಲ್ಲಿ ಬರೆದಿದೆ."

ಎನಿಫಾ ಗಂಡನ ತೋಳು ಮುಟ್ಟಿದರು. "ರೀ, ಹಾಗಾದ್ರೆ ಬ್ಯಾಗು?"

"ಹೋಟೆಲು ಕೊಡದೇ ಇರೋದು ಇವರ ಜಿಪುಣತನ. ಬ್ಯಾಗಿಗೂ ಅದಕ್ಕೂ ಏನು ಸಂಬಂಧ? ಸುಮ್ಮನೆ ಬಾ."

ವೀಸಾ ಮುದ್ರೆ ಹೊಡೆಸಿಕೊಂಡು ಹೊರಗೆ ಬರುವ ದಾರಿಯಲ್ಲಿ ಸಾಮಾನಿನ ಪಟ್ಟಿ ತಿರುಗುತ್ತಿತ್ತು. ಎನಿಫಾ ನಿಂತರು. "ಅದು ನಮ್ಮ ಕೆಂಪು ಬ್ಯಾಗು."

"ಕೆಂಪು ಬ್ಯಾಗು ಮನೆಗೊಂದಿರತ್ತೆ. ನಮ್ಮದು ವಿಮಾನದ ಹೊಟ್ಟೇಲಿ ಮಲಗಿದೆ."

"ಹಿಡೀಲಿ ಕಟ್ಟಿರೋ ದಾರಾನೂ ನಮ್ಮದೇ."

"ಎನಿಫಾ, ಮೂವತ್ತೊಂದು ವರ್ಷ ಸಾಮಾನು ಸಾಗಿಸಿದೋನು ನಾನೋ ನೀನೋ?"

ಎನಿಫಾ ಮುಂದೆ ನಡೆದರು. ಆ ದಿನ ಇಬ್ಬರೂ ಊರು ನೋಡಿದರು, ಹುಳಿ ರೊಟ್ಟಿ ತಿಂದರು, ಮೂರು ಮೂರು ಸುತ್ತು ಕಾಫಿ ಕುಡಿದರು. ಹೆಂಡತಿ ಇಷ್ಟು ಮೌನವಾಗಿರುವುದನ್ನು ಕಮ್ವೆಂಡೊ ಒಪ್ಪಿಗೆಯೆಂದೇ ತಿಳಿದರು.

ಮರುದಿನ ಹನ್ನೊಂದಕ್ಕೆ ವಿಮಾನ ನಿಲ್ದಾಣದ ಕೌಂಟರಿನಲ್ಲಿದ್ದ ಹೆಂಗಸು ಕೇಳಿದಳು. "ಬ್ಯಾಗು ಎಲ್ಲಿ, ತೂಕಕ್ಕೆ ಇಡಿ."

"ಅದು ಆಗಲೇ ಅಕ್ರಾಕ್ಕೆ ಹೋಗಿದೆ."

ಅವಳು ಕಮ್ವೆಂಡೊ ಹಿಡಿದಿದ್ದ ಬ್ಯಾಗಿನ ಚೀಟಿಯನ್ನು ತಿರುಗಿಸಿ ಅವರ ಮುಖಕ್ಕೆ ಹಿಡಿದಳು. ಅದರಲ್ಲಿ ಅಕ್ರಾದ ಹೆಸರಿರಲಿಲ್ಲ. ದಪ್ಪಕ್ಷರದಲ್ಲಿ ಅಡಿಸ್ ಅಬಾಬಾ ಎಂದಿತ್ತು. ನಿನ್ನೆ ಬೆಳಿಗ್ಗೆಯಿಂದ ಆ ಚೀಟಿ ಅವರ ಅಂಗಿಯ ಜೇಬಿನಲ್ಲೇ ಇತ್ತು.

"ಹನ್ನೆರಡೂವರೆಗೆ ಈ ಕೌಂಟರ್ ಮುಚ್ಚುತ್ತೆ," ಎಂದಳು ಅವಳು. "ಇದು ಬಿಟ್ರೆ ಸೀಟಿರೋದು ಭಾನುವಾರ."

ಕಮ್ವೆಂಡೊಗೆ ಬ್ಯಾಗಿನ ತಳದಲ್ಲಿ ಏನಿದೆ ಎಂದು ಹೆಂಡತಿಯ ಎದುರು ಬಾಯಿಬಿಡುವ ಧೈರ್ಯ ಬರಲಿಲ್ಲ. "ನೀನು ಇಲ್ಲೇ ಕೂತಿರು," ಎಂದರು. ಎನಿಫಾ ಅವರ ಬೆವರು ಹಿಡಿದ ಕನ್ನಡಕವನ್ನು ತೆಗೆದುಕೊಂಡು, ತಮ್ಮ ಸೊಂಟಕ್ಕೆ ಸುತ್ತಿದ್ದ ಬಟ್ಟೆಯ ತುದಿಯಿಂದ ಒರೆಸಿ ಕೊಟ್ಟರು. ಅದನ್ನು ಹಾಕಿಕೊಂಡು ಅವರು ಮೊದಲು ನೋಡಿದ್ದು ಗೋಡೆಯ ಗಡಿಯಾರವನ್ನು.

ಯಾರೂ ಎತ್ತಿಕೊಳ್ಳದ ಸಾಮಾನಿನ ಕೋಣೆ ಕಟ್ಟಡದ ಇನ್ನೊಂದು ತುದಿಯಲ್ಲಿತ್ತು. ಕೇಳಿ, ತಪ್ಪಿ, ಮತ್ತೆ ಕೇಳಿ ಅಲ್ಲಿಗೆ ಮುಟ್ಟುವಾಗ ಹನ್ನೊಂದು ಮುಕ್ಕಾಲು. ಮುಂದೆ ಆರು ಜನ. ಅಬೆರಾ ಎಂಬ ಅಧಿಕಾರಿ ಒಬ್ಬೊಬ್ಬರ ಬ್ಯಾಗಿನ ಕಥೆಯನ್ನೂ ಕೊನೆಯವರೆಗೆ ಕೇಳುವ ಸ್ವಭಾವದವನು. ಕಮ್ವೆಂಡೊ ಸರದಿ ಬಂದಾಗ ಹನ್ನೆರಡು ಹತ್ತು.

"ನಿನ್ನೆ ಮಧ್ಯಾಹ್ನದ್ದಾ? ಅದು ಹಿಂದಿನ ಗೋದಾಮಿಗೆ ಹೋಗಿರುತ್ತೆ. ಹುಡುಕೋಕೆ ಎರಡು ಗಂಟೆ ಬೇಕು ಯಜಮಾನ್ರೆ. ಬ್ಯಾಗು ಆಮೇಲೆ ಬರ್ಲಿ, ನೀವು ಹೊರಡಿ."

ಹೊರಟರೆ ಹುಡುಗಿಗೆ ತಾಯಿಯ ಬಟ್ಟೆಯಿಲ್ಲ. ಉಳಿದರೆ ಮಾವನೇ ಇಲ್ಲ. ಕಮ್ವೆಂಡೊ ಮೇಜಿನ ಅಂಚನ್ನು ಹಿಡಿದುಕೊಂಡರು.

"ಸೂಟು ಹೋಗ್ಲಿ, ಬೂಟೂ ಹೋಗ್ಲಿ. ತಳದಲ್ಲಿ ಒಂದು ಬಟ್ಟೆ ಇದೆ. ಸತ್ತ ನನ್ನ ತಂಗೀದು. ಅದನ್ನೊಂದು ತೆಗೆದುಕೊಡಪ್ಪ."

"ಗುರುತು ಹೇಳಿ."

"ನೀಲಿ ಬಟ್ಟೆ. ಮೈತುಂಬಾ ಹಳದಿ ಗಿನಿ ಕೋಳಿಗಳು. ಅಂಚಲ್ಲಿ ಇಸ್ತ್ರಿ ಕೆಂಡ ಬಿದ್ದು ಆದ ತೂತು, ಉಗುರಿನಷ್ಟು."

ಅಬೆರಾ ಬರೆಯುತ್ತಿದ್ದವನು ತಲೆ ಎತ್ತಿ, ಕಮ್ವೆಂಡೊ ಅವರ ಹೆಗಲಾಚೆ ನೋಡಿದ.

"ತೂತು ಎಡಗಡೇನಾ, ಬಲಗಡೇನಾ?"

"ಎಡಗಡೆ."

"ಹಾಗಾದ್ರೆ ನಿಮ್ಮ ಹಿಂದೆ ನಿಂತಿರೋ ಅಮ್ಮ ಉಟ್ಟಿರೋದೇನು?"

ಕಮ್ವೆಂಡೊ ತಿರುಗಿದರು. ಕೌಂಟರ್ ಮುಚ್ಚುವ ಹೊತ್ತಾಯಿತೆಂದು ಕರೆಯಲು ಬಂದಿದ್ದ ಎನಿಫಾ ಏದುಸಿರು ಬಿಡುತ್ತ ನಿಂತಿದ್ದರು. ಸೊಂಟದಿಂದ ಕಾಲಿನವರೆಗೆ ಹಳದಿ ಕೋಳಿಗಳು ಸಾಲಾಗಿ ಅವರನ್ನೇ ನೋಡುತ್ತಿದ್ದವು.

"ಇದು ನಿನ್ನ ಹತ್ರ ಯಾವಾಗ ಬಂತು?"

"ಹೊರಡೋ ದಿನ ಬೆಳಿಗ್ಗೇನೇ. ಡೊರಿಕಾ ಬಟ್ಟೆ ವಿಮಾನದ ಹೊಟ್ಟೇಲಿ ಒಂಟಿಯಾಗಿ ಹೋಗೋದು ಬೇಡ, ನಾನೇ ಉಟ್ಕೊಂಡು ಬರ್ತೀನಿ ಅಂದೆ. ನೀವು ಹೂಂ ಅಂದ್ರಿ."

"ಮತ್ತೆ ಈಗ ಒಂದು ಗಂಟೆಯಿಂದ ಸುಮ್ಮನೆ ಕೂತಿದ್ಯಲ್ಲ?"

"ಸೂಟಿಗೋಸ್ಕರ ಒದ್ದಾಡ್ತಿದ್ದೀರಿ ಅಂದ್ಕೊಂಡೆ. ಒದ್ದಾಡ್ಲಿ ಅಂತ ಬಿಟ್ಟೆ. ಈಗ ಓಡ್ತೀರಾ, ಇಲ್ಲೇ ವೇಳಾಪಟ್ಟಿ ಬರೀತೀರಾ?"

ಅರವತ್ತಾರರ ಗಂಡ, ಅರವತ್ತರ ಹೆಂಡತಿ ಓಡಿದರು. ಕೌಂಟರಿನ ಹೆಂಗಸು ಫಲಕವನ್ನು ಅರ್ಧ ತಿರುಗಿಸಿ ಆಗಿತ್ತು. ಅವಳು ಗಡಿಯಾರ ನೋಡಿದಳು, ಎನಿಫಾ ಮುಖ ನೋಡಿದಳು, ಫಲಕವನ್ನು ಹಿಂದಕ್ಕೆ ತಿರುಗಿಸಿದಳು.

ಶನಿವಾರ ಬೆಳಿಗ್ಗೆ ಅಲಿನಾಫೆ ನೀಲಿ ಬಟ್ಟೆ ಹೊದ್ದು ಕೂತಳು. ಅಂಚಿನ ತೂತಿನಲ್ಲಿ ಬೆರಳಿಟ್ಟು ಸ್ವಲ್ಪ ಹೊತ್ತು ತಲೆ ತಗ್ಗಿಸಿದಳು. ಆಮೇಲೆ ನಕ್ಕಳು. ಹುಡುಗನ ಮಾವನಿಂದ ಎರವಲು ಪಡೆದ ಕೋಟಿನಲ್ಲಿ ಕಮ್ವೆಂಡೊ ಅವರ ಬೆರಳ ತುದಿಗಳಷ್ಟೇ ಕಾಣುತ್ತಿದ್ದವು. ಅವುಗಳಿಂದಲೇ ಹೇಂಟೆ ಕೊಟ್ಟು ಹುಂಜ ತೆಗೆದುಕೊಂಡರು. ಕೆಂಪು ಬ್ಯಾಗು ಅಡಿಸ್‌ನಲ್ಲಿ ಇನ್ನೂ ಸ್ಟಾಪ್‌ಓವರ್ ಮಾಡುತ್ತಿತ್ತು.

ಕೊನೆಯಲ್ಲಿ ಜೋಡಿಗೆ ಬುದ್ಧಿಮಾತು ಹೇಳುವುದು ಮಾವನ ಹಕ್ಕು. ಕಮ್ವೆಂಡೊ ಬರೆದಿಟ್ಟಿದ್ದ ಒಂಬತ್ತು ಪುಟದ ಭಾಷಣ ಬ್ಯಾಗಿನಲ್ಲೇ ಉಳಿದಿತ್ತು. ಅವರು ಎದ್ದು, ಹುಂಜವನ್ನು ಕಂಕುಳಲ್ಲಿ ಇರುಕಿಕೊಂಡು, ಹುಡುಗನ ಕಡೆ ತಿರುಗಿದರು.

"ನೋಡಪ್ಪ, ನಾನು ಹೇಳೋದು ಒಂದೇ ಮಾತು. ಹೆಂಡತಿ ಏನು ಉಟ್ಟಿದ್ದಾಳೆ ಅಂತ ದಿನಕ್ಕೊಂದು ಸಲವಾದ್ರೂ ಕಣ್ಣಿಟ್ಟು ನೋಡು."

ಹೆಂಗಸರೆಲ್ಲ ಚಪ್ಪಾಳೆ ತಟ್ಟಿದರು. ಚಪ್ಪಾಳೆ ನಿಂತ ಮೇಲೆ ಅವರ ಬೆನ್ನ ಹಿಂದಿನ ಸಾಲಿನಿಂದ ಎನಿಫಾ ದನಿ ಬಂತು.

"ಒಳ್ಳೇ ಮಾತು. ಹಿಂದೆ ತಿರುಗದೆ ಹೇಳಿ ನೋಡೋಣ, ಇವತ್ತು ನಾನು ಉಟ್ಟಿರೋದು ಯಾವ ಬಣ್ಣ?"

ಮೂವತ್ತೊಂದು ವರ್ಷದ ವೇಳಾಪಟ್ಟಿಗಳನ್ನು ಬಾಯಿಪಾಠ ಹೇಳಬಲ್ಲ ಮನುಷ್ಯ ಕಂಕುಳಲ್ಲಿದ್ದ ಹುಂಜದ ಮುಖವನ್ನು ನೋಡಿದರು. ಅದಕ್ಕೂ ಗೊತ್ತಿದ್ದಂತೆ ಕಾಣಲಿಲ್ಲ.