ಎರಡನೇ ಭಾಗ ಮತ್ತು ಎಡಗಡೆಯ ಹಲ್ಲು

ಹೆಡ್ ಕ್ಯಾಷಿಯರಿಗೆ ಈ ಲೋಕದ ಮೇಲೆ ಇದ್ದದ್ದು ಒಂದೇ ದೂರು: ಅವರ ಅಭಿಪ್ರಾಯವನ್ನು ಯಾರೂ ಕೇಳುತ್ತಿರಲಿಲ್ಲ. ಬ್ಯಾಂಕಿನಲ್ಲಿ ಮ್ಯಾನೇಜರು ಕೇಳುತ್ತಿರಲಿಲ್ಲ. ಮನೆಯಲ್ಲಿ ಹೆಂಡತಿ ಕೇಳುತ್ತಿದ್ದಳು, ಆದರೆ ಉತ್ತರವನ್ನೂ ತಾನೇ ಹೇಳಿಬಿಡುತ್ತಿದ್ದಳು. ಹೀಗೆ ಇಪ್ಪತ್ತೆರಡು ವರ್ಷ ಹೊಟ್ಟೆಯೊಳಗೇ ಕೂತಿದ್ದ ಅಭಿಪ್ರಾಯಗಳು ಒಂದು ದಿನ ಹೊರಗೆ ಬರಲೇಬೇಕಿತ್ತು. ಬಂದವು. ಅದೂ ಎಲ್ಲಿ, ಚಿತ್ರಮಂದಿರದ ಬಾಗಿಲಲ್ಲಿ, ಮೈಕಿನ ಮುಂದೆ!

ಮೂರು ವರ್ಷದ ಹಿಂದೆ ಬ್ಯಾಂಕ್ ಹಗರಣದ ಮೇಲೆ ಒಂದು ಸಿನಿಮಾ ಬಂದಿತ್ತು. ಕ್ಯಾಷಿಯರು ಅದನ್ನು ನಾಲ್ಕು ಸಲ ನೋಡಿದ್ದರು. ಪ್ರತಿ ಸಲವೂ ಪಕ್ಕದ ಸೀಟಿನವರ ಕಡೆ ಬಾಗಿ, "ಹೀಗೆಲ್ಲ ಆಗಲ್ಲ ರೀ, ನಾನು ಬ್ಯಾಂಕಿನವನು" ಎಂದು ಜ್ಞಾನದಾನ ಮಾಡಿದ್ದರು. (ನಾಲ್ಕನೇ ಸಲ ಪಕ್ಕದ ಎರಡು ಸೀಟು ಮಧ್ಯಂತರದಲ್ಲೇ ಖಾಲಿಯಾದವು.) ಈಗ ಅದರ ಎರಡನೇ ಭಾಗ ಬಂದಿತ್ತು. ಮೊದಲ ದಿನದ ಮೊದಲ ಆಟ ನೋಡದಿದ್ದರೆ ಬದುಕಿ ಏನು ಪ್ರಯೋಜನ? ಆದರೆ ಅಂದು ಶುಕ್ರವಾರ, ಸಿನಿಮಾಕ್ಕೆಂದು ರಜೆ ಕೊಡುವಷ್ಟು ದೊಡ್ಡ ಮನಸ್ಸು ಮ್ಯಾನೇಜರಿಗೆ ಇರಲಿಲ್ಲ.

ಆಗ ನೆರವಿಗೆ ಬಂದದ್ದು ಹಲ್ಲು. ಎಡಗಡೆಯ ದವಡೆ ಹಲ್ಲೊಂದು ಎರಡು ವರ್ಷದಿಂದ ಹುಳುಕಾಗಿತ್ತು. "ಕೀಳಿಸ್ಕೊಂಡು ಬನ್ರೀ" ಎಂದು ಹೆಂಡತಿ ದಿನಕ್ಕೊಮ್ಮೆ ಹೇಳುತ್ತಿದ್ದಳು. ಇಕ್ಕಳ ನೆನೆದರೇ ಕ್ಯಾಷಿಯರ ಕೈಕಾಲು ತಣ್ಣಗಾಗುತ್ತಿದ್ದವು. (ಇದು ಹೆದರಿಕೆಯಲ್ಲ, ಮುಂದಾಲೋಚನೆ ಎಂದು ಅವರ ವಾದ.) ಆ ದಿನ ಬೆಳಿಗ್ಗೆ ಬಚ್ಚಲಲ್ಲಿ ನಿಂತು ಮ್ಯಾನೇಜರಿಗೆ ಫೋನು ಹಚ್ಚಿ, ಕೆನ್ನೆಯೊಳಗೆ ನಾಲಿಗೆ ತುರುಕಿಕೊಂಡು, "ಹಾರ್, ಇವತ್ತು ಹಲ್ಲು ಕೀಳಿಹ್ತಿದೀನಿ" ಎಂದರು. ಹೊರಗೆ ಬಂದು ಹೆಂಡತಿಗೆ, "ಆಫೀಸಿಗೆ ಹೋಗ್ಬರ್ತೀನಿ ಕಣೇ" ಎಂದರು. ಎರಡು ಸುಳ್ಳೂ ಬೆಣ್ಣೆಯಲ್ಲಿ ಕೂದಲು ತೆಗೆದಷ್ಟು ಸಲೀಸಾಗಿ ಆದವು. ಫೋನನ್ನು ಬಂದ್ ಮಾಡಿ ಅವರು ಸಿನಿಮಾಕ್ಕೆ ನಡೆದರು.

ಆಟ ಬಿಟ್ಟಾಗ ಹೊರಗೆ ಒಬ್ಬಳು ಹುಡುಗಿ ಮೈಕು ಹಿಡಿದು, ಕ್ಯಾಮೆರಾದವನನ್ನು ಪಕ್ಕದಲ್ಲಿಟ್ಟುಕೊಂಡು, ಬಂದವರನ್ನೆಲ್ಲ ತಡೆದು "ಎರಡನೇ ಭಾಗ ಹೇಗಿತ್ತು?" ಎಂದು ಕೇಳುತ್ತಿದ್ದಳು. ಕಾಲೇಜು ಹುಡುಗನೊಬ್ಬ "ಬೆಂಕಿ!" ಎಂದು ಕೂಗಿ ಹೋದ. ಒಬ್ಬರು ಅಜ್ಜಿ, "ಮೊದಲನೇದೇ ವಾಸಿ ಕಣಮ್ಮ, ಇದ್ರಲ್ಲಿ ಬರೀ ಕಿರುಚಾಟ" ಎಂದರು. ಇನ್ನೊಬ್ಬ, "ಕುರ್ಚಿ ಚೆನ್ನಾಗಿತ್ತು, ಒಳ್ಳೇ ನಿದ್ದೆ ಬಂತು" ಎಂದ. ಕ್ಯಾಷಿಯರು ತಾವಾಗಿಯೇ ಹೋಗಿ ಮೈಕಿನ ಮುಂದೆ ನಿಂತರು.

"ನೋಡಮ್ಮ, ನಾನು ಬ್ಯಾಂಕಿನವನು," ಎಂದು ಶುರು ಮಾಡಿದವರು ಆರು ನಿಮಿಷ ನಿಲ್ಲಲಿಲ್ಲ. "ಆ ಖಳನಾಯಕ ಒಂದೇ ಕೀಲಿ ಹಾಕಿ ಸ್ಟ್ರಾಂಗ್ ರೂಮ್ ತೆಗೀತಾನಲ್ಲ, ಅದೇನು ಅಡುಗೆಮನೆ ಬೀರುನಾ? ಸ್ಟ್ರಾಂಗ್ ರೂಮಿಗೆ ಎರಡು ಕೀಲಿ ಕಣಮ್ಮ. ಒಂದು ಮ್ಯಾನೇಜರ ಹತ್ರ, ಇನ್ನೊಂದು ನನ್ನ ಹತ್ರ. ಎರಡೂ ತಿರುಗಿದ್ರೇನೇ ಬಾಗಿಲು. ನಾನಿಲ್ದೆ ಬ್ರಹ್ಮ ಬಂದ್ರೂ ತೆಗೆಯೋಕಾಗಲ್ಲ. ಬೇಕಾದ್ರೆ ನೋಡು!" ಎಂದು ಜೇಬಿಗೆ ಕೈಹಾಕಿ, ಕೆಂಪು ದಾರ ಕಟ್ಟಿದ ಉದ್ದನೆಯ ಕೀಲಿಯನ್ನು ಕ್ಯಾಮೆರಾದ ಮುಂದೆ ಎತ್ತಿ ಹಿಡಿದರು.

ಹುಡುಗಿ ಬಾಯಿ ಬಿಟ್ಟುಕೊಂಡು ನೋಡಿದಳು. "ಸೂಪರ್ ಸಾರ್! ಮತ್ತೆ ನೀವು ಇಲ್ಲಿದೀರಲ್ಲ, ಇವತ್ತು ಅಲ್ಲಿ ಬಾಗಿಲು ಯಾರು ತೆಗೆದ್ರು?"

ಕ್ಯಾಷಿಯರು ಕೀಲಿಯನ್ನು ಗಬಕ್ಕನೆ ಜೇಬಿಗಿಳಿಸಿದರು. ರಜೆ ಹಾಕುವ ಮುಂಚೆ ಕೀಲಿಯನ್ನು ಇನ್ನೊಬ್ಬರಿಗೆ ಒಪ್ಪಿಸಿ ರಿಜಿಸ್ಟರಿನಲ್ಲಿ ಸಹಿ ಮಾಡಬೇಕು. ಇಪ್ಪತ್ತೆರಡು ವರ್ಷ ತಪ್ಪದೆ ಮಾಡಿದ್ದರು. ಫೋನಿನಲ್ಲಿ ಹಲ್ಲುನೋವು ನಟಿಸುವ ಉತ್ಸಾಹದಲ್ಲಿ ಇದೊಂದು ಮರೆತೇಹೋಗಿತ್ತು. ಎರಡೂ ಕೈಯಲ್ಲಿ ಕೆನ್ನೆ ಹಿಡಿದುಕೊಂಡು, "ಅಯ್ಯೋ! ಅಯ್ಯಯ್ಯೋ! ಹೋಯ್ತು!" ಎಂದು ಕೂಗಿ ಓಟ ಕಿತ್ತರು.

ಫೋನು ತೆರೆದರೆ ಬ್ಯಾಂಕಿನಿಂದ ಹನ್ನೊಂದು ಕರೆ, ಮನೆಯಿಂದ ಮೂರು. ಬ್ಯಾಂಕಿಗೆ ಮಾತಾಡುವ ಧೈರ್ಯವಿಲ್ಲದೆ ಮನೆಗೆ ಮಾಡಿದರು. ಹೆಂಡತಿ, "ಮನೆಗೆ ಬನ್ನಿ" ಎಂದಷ್ಟೇ ಹೇಳಿ ಇಟ್ಟಳು. ಆಟೋದಲ್ಲಿ ಕೂತವರ ಕಣ್ಮುಂದೆ ಸಸ್ಪೆನ್ಷನ್ ಆರ್ಡರು, ಬೆಳಿಗ್ಗೆಯಿಂದ ಬಾಗಿಲಿಗೆ ಬಡಿದಾಡುತ್ತಿರುವ ಮ್ಯಾನೇಜರು, ಬೈಯುತ್ತ ನಿಂತ ಜನ, ಎಲ್ಲ ಸಿನಿಮಾದಂತೆ ಓಡಿದವು. (ಈ ಸಿನಿಮಾದಲ್ಲಿ ಒಂದು ತಪ್ಪೂ ಅವರಿಗೆ ಸಿಗಲಿಲ್ಲ.)

"ಆಫೀಸಿಂದ ಬೇಗ ಬಂದ್ರಲ್ಲ," ಎಂದಳು ಹೆಂಡತಿ.

ಕ್ಯಾಷಿಯರು ಸೋಫಾದ ಮೇಲೆ ಕುಸಿದರು. "ನನ್ನ ಕೆಲಸ ಹೋಯ್ತು ಕಣೇ! ಸಿನಿಮಾಕ್ಕೆ ಹೋಗಿದ್ದೆ. ಬ್ಯಾಂಕಿನ ಕೀಲಿ ನನ್ ಹತ್ರಾನೇ ಉಳ್ಕೊಂಡಿದೆ!"

"ಎಲ್ಲಿ, ತೋರ್ಸಿ."

ಜೇಬಿನಿಂದ ಕೀಲಿ ತೆಗೆದುಕೊಟ್ಟರು. ಅವಳು ಅದನ್ನು ತಿರುಗಿಸಿ ನೋಡಿ, ಗಂಡನ ಓದುವ ಕನ್ನಡಕ ತಂದು ಅವರ ಮೂಗಿಗೇರಿಸಿ, ಕೀಲಿಯನ್ನು ಅವರ ಕಣ್ಣಿನ ಹತ್ತಿರ ಹಿಡಿದಳು. "ಇದೇನ್ರೀ ಇದು?"

ಅಡುಗೆಮನೆ ಬೀರುವಿನ ಕೀಲಿ! ಸಕ್ಕರೆ ಕಾಯಿಲೆಯ ಗಂಡನಿಗೆ ಸಿಗದಿರಲೆಂದು ಅವಳು ಬಿಸ್ಕತ್ತಿನ ಡಬ್ಬ ಇಟ್ಟು ಬೀಗ ಹಾಕುತ್ತಿದ್ದ ಬೀರು. ಹಿಂದಿನ ರಾತ್ರಿ ಕ್ಯಾಷಿಯರೇ ಅದರ ಕೀಲಿಯನ್ನು ಲಪಟಾಯಿಸಿ, ಬೆಳಿಗ್ಗೆ ಹಾಕಿಕೊಳ್ಳುವ ಪ್ಯಾಂಟಿನ ಜೇಬಿಗಿಳಿಸಿದ್ದರು. ಕಳೆದುಹೋಗದಿರಲೆಂದು ಕೈಗೆ ಸಿಕ್ಕ ಕೀಲಿಗೆಲ್ಲ ಕೆಂಪು ದಾರ ಕಟ್ಟುವುದು ಹೆಂಡತಿಯ ಅಭ್ಯಾಸ. ಬ್ಯಾಂಕಿನ ಕೀಲಿಯೂ ಆ ದಾರದಿಂದ ತಪ್ಪಿಸಿಕೊಂಡಿರಲಿಲ್ಲ.

"ಬ್ಯಾಂಕಿಂದು ನಿನ್ನೆ ಪ್ಯಾಂಟಲ್ಲೇ ಇತ್ತು, ಬಾಗಿಲ ಹಿಂದೆ," ಎಂದಳು. "ಒಂಬತ್ತೂವರೆಗೆ ನಿಮ್ಮ ಮ್ಯಾನೇಜರು ಫೋನ್ ಮಾಡಿ, 'ಹಲ್ಲು ಕಿತ್ತಾಯ್ತಾ ಮೇಡಂ? ಕೀಲಿ ಎಲ್ಲಿ?' ಅಂದ್ರು. ಯಾವ ಹಲ್ಲು ಅಂತ ಕೇಳೋಳಿದ್ದೆ, ಹೇಗೋ ಬಾಯಿ ಮುಚ್ಕೊಂಡೆ. ಹತ್ತು ಗಂಟೆ ಒಳಗೆ ಓಡಿ ಹೋಗಿ ಕೊಟ್ಟು, ಸಹಿ ಹಾಕಿಸ್ಕೊಂಡು ಬಂದೆ. 'ಮುಖ ಊದಿದೆ, ಮಾತಾಡೋಕಾಗ್ತಿಲ್ಲ' ಅಂತಾನೂ ಹೇಳಿದೀನಿ."

ಕ್ಯಾಷಿಯರಿಗೆ ಹೋದ ಜೀವ ಬಂದಂತಾಯಿತು. "ನೀನು ದೇವತೆ ಕಣೇ!" ಎಂದು ಕಣ್ಣು ಒರೆಸಿಕೊಂಡರು. ಒರೆಸಿಕೊಳ್ಳುವಾಗಲೇ ಮೈಕು ನೆನಪಾಯಿತು. ಹೆಸರೊಂದು ಬಿಟ್ಟು ಎಲ್ಲವನ್ನೂ ಕ್ಯಾಮೆರಾದ ಮುಂದೆ ಹೇಳಿಕೊಂಡಿದ್ದರಲ್ಲ! ಇದನ್ನು ಕೇಳಿದ ದೇವತೆ ಹಣೆ ಚಚ್ಚಿಕೊಂಡಳು.

ಸಂಜೆ ವಿಡಿಯೋ ಬಂತು. ಗಂಡ ಹೆಂಡತಿ ಒಟ್ಟಿಗೆ ಕೂತು ನೋಡಿದರು. ಬೆಂಕಿ ಎಂದವನು ಬಂದ, ಅಜ್ಜಿ ಬಂದರು, ನಿದ್ದೆ ಮಾಡಿದವನೂ ಬಂದ. ಆಮೇಲೆ ಕ್ಯಾಷಿಯರು ಬಂದರು. ಆರು ನಿಮಿಷದ ಅಮೋಘ ವಿಶ್ಲೇಷಣೆ ಪೂರ್ತಿ ಮಾಯ. ಉಳಿದದ್ದು ನಾಲ್ಕೇ ಸೆಕೆಂಡು: ಎರಡೂ ಕೆನ್ನೆ ಹಿಡಿದುಕೊಂಡು "ಅಯ್ಯೋ! ಅಯ್ಯಯ್ಯೋ! ಹೋಯ್ತು!" ಎಂದು ಓಡುವ ಒಬ್ಬ ಮನುಷ್ಯ. ಅಷ್ಟರಲ್ಲಿ ಮ್ಯಾನೇಜರ ಫೋನು ಬಂತು. ಹೆಂಡತಿ ಎತ್ತಿ, ಸ್ಪೀಕರಿಗೆ ಹಾಕಿದಳು.

"ವಿಡಿಯೋ ನೋಡಿದೆ ಮೇಡಂ. ಛೆ, ಪಾಪ! ಹಲ್ಲುನೋವಲ್ಲಿ ರಸ್ತೇಲಿ ಹೋಗೋ ಮನುಷ್ಯನ ಬಾಯಿಗೂ ಮೈಕ್ ಹಿಡೀತಾರಲ್ಲ, ಮನುಷ್ಯತ್ವ ಇದೆಯಾ? ಸೋಮವಾರ ಬರಲಿ ಬಿಡಿ. ನಂದೂ ಒಂದು ಹಲ್ಲು ಕೀಳಿಸ್ಬೇಕು, ಅವರದ್ದು ಗಾಯ ಹೇಗಿದೆ ಅಂತ ಬಾಯಿ ತೆಗೆಸಿ ನೋಡ್ಬೇಕು."

ಫೋನು ಇಟ್ಟ ಹೆಂಡತಿಯ ಮುಖದಲ್ಲಿ ಎರಡು ವರ್ಷದಿಂದ ಕಾಣದ ಕಳೆ ಇತ್ತು.

"ನಾಳೆ ಬೆಳಿಗ್ಗೆ ಹತ್ತಕ್ಕೆ," ಎಂದಳು. "ಹಲ್ಲಿನ ಡಾಕ್ಟ್ರ ಹತ್ರ ಆಗಲೇ ಹೆಸರು ಬರೆಸಿದೀನಿ."

ಮರುದಿನ ಕ್ಯಾಷಿಯರು ಆ ಕುರ್ಚಿಯಲ್ಲಿ ಮಲಗಿದರು. ನಿಜ ಹೇಳಬೇಕೆಂದರೆ ಅವರ ಮನಸ್ಸು ಹಗುರವಾಗಿತ್ತು. ಕೆಲಸ ಉಳಿದಿತ್ತು, ಮಾನ ಉಳಿದಿತ್ತು; ಒಂದು ಹುಳುಕು ಹಲ್ಲು ಹೋದರೆ ಹೋಗಲಿ. ಡಾಕ್ಟರು ಸೂಜಿ ಚುಚ್ಚಿ, ಬಾಯಿ ತುಂಬ ಹತ್ತಿ ತುರುಕಿ, ಇಕ್ಕಳ ಕೈಗೆತ್ತಿಕೊಂಡು, ಸುಮ್ಮನೆ ಮಾತಿಗೆಂದು ಕೇಳಿದರು.

"ಬ್ಯಾಂಕಿನವರಂತೆ? ಎರಡನೇ ಭಾಗ ನೋಡಿದ್ರಾ? ನಾನು ನಿನ್ನೆ ನೋಡ್ದೆ. ಆ ಒಂದೇ ಕೀಲಿ ಹಾಕಿ ಸ್ಟ್ರಾಂಗ್ ರೂಮ್ ತೆಗೆಯೋ ಸೀನು, ಎಷ್ಟು ಸಹಜವಾಗಿದೆ ಅಲ್ವಾ? ನಿಮ್ಮ ಅಭಿಪ್ರಾಯ ಏನು?"

ಜೀವಮಾನದಲ್ಲಿ ಮೊದಲ ಬಾರಿಗೆ ಒಬ್ಬರು ವಿದ್ಯಾವಂತರು ಕ್ಯಾಷಿಯರ ಅಭಿಪ್ರಾಯ ಕೇಳಿದ್ದರು! "ಆಂ! ಆಂ ಆಂ!" ಎಂದು ಕುರ್ಚಿಯಲ್ಲೇ ಎಗರಾಡಿ, ಕೈ ಮೇಲೆತ್ತಿ, ಡಾಕ್ಟರ ಮೂಗಿನ ಮುಂದೆ ಎರಡು ಬೆರಳು ಜೋರಾಗಿ ಅಲ್ಲಾಡಿಸಿದರು.

"ಓ, ಎರಡು ಹಲ್ಲಾ?" ಎಂದರು ಡಾಕ್ಟರು. "ಮೊದಲೇ ಹೇಳ್ಬಾರ್ದಾ! ಪಕ್ಕದ್ದನ್ನೂ ಕಿತ್ಬಿಡೋಣ."

ಕ್ಯಾಷಿಯರು ತಟ್ಟನೆ ಒಂದು ಬೆರಳು ಮಡಚಿದರು.