ನಾನು ಗುದ್ದಿದ ಗೋಡೆ

ತಟ್ಟಿ ನೋಡದೆ ಯಾವುದನ್ನೂ ನಂಬದ ಜನ ನಾವು. ಕೊಪ್ಪಳದ ಸಂತೆಯಲ್ಲಿ ಗಡಿಗೆ ಕೊಳ್ಳುವಾಗ ಬೆರಳ ಗೆಣ್ಣಿನಿಂದ ತಟ್ಟುತ್ತೇವೆ. ಗಂಗಾವತಿಗೆ ಹೋದರೆ ಕಲ್ಲಂಗಡಿ ಹಣ್ಣನ್ನು ಕಿವಿಯ ಹತ್ತಿರ ಹಿಡಿದು, ಅದೇನೋ ಗುಟ್ಟು ಹೇಳುತ್ತದೆ ಎಂಬಂತೆ ತಟ್ಟುತ್ತೇವೆ. ಬಾಡಿಗೆ ಮನೆ ನೋಡಲು ಹೋದವರು ಬಾಗಿಲು, ಕಿಟಕಿ, ನೀರಿನ ಟಾಕಿ ಎಲ್ಲವನ್ನೂ ತಟ್ಟಿ, ಕಡೆಗೆ ಮನೆ ಒಲ್ಲೆ ಎಂದು ಹೊರಟು ಬರುತ್ತೇವೆ. ಮೂವತ್ತು ವರ್ಷಗಳ ಹಿಂದೆ ನನ್ನನ್ನು ನೋಡಲು ಕುಷ್ಟಗಿಯಿಂದ ಬಂದ ನನ್ನ ಮಾವನವರೂ ಹೊರಡುವಾಗ ನನ್ನ ಬೆನ್ನಿಗೆ ಎರಡು ಸಲ ಬಲವಾಗಿ ತಟ್ಟಿ, "ಹುಡುಗ ಗಟ್ಟಿ ಅದಾನ" ಎಂದು ಹೇಳಿ ಹೋಗಿದ್ದರು. ಒಳಗೆ ಟೊಳ್ಳು ಎನ್ನುವುದು ಅವರ ಕೈಗೆ ಗೊತ್ತಾಗಲಿಲ್ಲ. ಅವರ ಮಗಳು ಗಿರಿಜೆಗೆ ಮದುವೆಯಾದ ವಾರದಲ್ಲೇ ಗೊತ್ತಾಯಿತು. ಆದರೆ ಅಷ್ಟು ಹೊತ್ತಿಗೆ ಕಾಲ ಮೀರಿತ್ತು.

ಈಗ ನಾನು ಹೇಳಹೊರಟಿರುವುದು ಒಂದು ಗೋಡೆಯ ಕತೆ. ನಮ್ಮ ಮಗಳು ವಿದ್ಯಾ ಬಾಣಂತನಕ್ಕೆ ಬರುವವಳಿದ್ದಳು. ಇರುವುದು ಎರಡೇ ಕೋಣೆ. ಪಡಸಾಲೆ ಮಾತ್ರ ಕಬಡ್ಡಿ ಆಡುವಷ್ಟು ದೊಡ್ಡದು. ಅದರ ನಡುವೆ ಒಂದು ಗೋಡೆ ಎಬ್ಬಿಸಿ ಕೋಣೆ ಮಾಡೋಣ ಎಂದಾಯಿತು. ಇಟ್ಟಿಗೆ, ಉಸುಕು, ಧೂಳು, ತಿಂಗಳುಗಟ್ಟಲೆ ಕೆಲಸ ಬೇಡವೆಂದು ನಾನು ಜಿಪ್ಸಮ್ ಬೋರ್ಡಿನ ಗೋಡೆ ಹಾಕಿಸಿದೆ. ಮೂರೇ ದಿನದಲ್ಲಿ ಬಿಳಿ ಹಾಳೆಯಂಥ ಗೋಡೆ ಎದ್ದು ನಿಂತಿತು. ಗಿರಿಜೆಯ ಅಣ್ಣ ಶರಣಪ್ಪ, ಅಂದರೆ ನನ್ನ ಭಾವ, ಕುಷ್ಟಗಿಯಲ್ಲಿ ಕಲ್ಲಿನ ಮನೆ ಕಟ್ಟಿಸಿದ ಮನುಷ್ಯ. ಫೋನಿನಲ್ಲಿ ಸುದ್ದಿ ಕೇಳಿದವನೇ, "ಏನ್ರಿ ಸಾಹೇಬ್ರ, ನನ್ನ ಸೋದರ ಸೊಸಿನ್ನ ರಟ್ಟಿನ ಡಬ್ಬ್ಯಾಗ ಮಲಗಸ್ತೀರೇನು? ಕುಬಸಕ್ಕ ಬರ್ತೀನಲ್ಲ, ತಟ್ಟಿ ನೋಡ್ತೀನಿ ತಡೀರಿ" ಎಂದ. ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತನಾಗಿರುವ ನನ್ನನ್ನು ಅವನು ಸಾಹೇಬ್ರ ಎನ್ನುವುದು ಗೌರವಕ್ಕಲ್ಲ. ನಾನು ಮಾಡಿದ್ದು ಯಾವುದೂ ಅವನಿಗೆ ಸರಿ ಕಂಡದ್ದಿಲ್ಲ.

ಅವನು ತಟ್ಟುವ ಮೊದಲು ನಾನೇ ಅವನೆದುರು ಒಂದು ಗುದ್ದು ಗುದ್ದಿ, "ನೋಡ್ರಿ ಭಾವ" ಎಂದು ತೋರಿಸಬೇಕು ಎಂದು ನಿಶ್ಚಯಿಸಿದೆ. ಕುಬಸಕ್ಕೆ, ಅಂದರೆ ವಿದ್ಯಾಳ ಸೀಮಂತಕ್ಕೆ, ಇನ್ನೂ ಎಂಟು ದಿನ ಇತ್ತು. ಎಲ್ಲ ಕೆಲಸಕ್ಕೂ ತಾಲೀಮು ಬೇಕು ಎಂದು ನಂಬಿದವನು ನಾನು. ಗಿರಿಜೆ ಕಾಯಿಪಲ್ಯ ತರಲು ಹೋದ ಸಮಯ ನೋಡಿ, ಗೋಡೆಯ ಎದುರು ನಿಂತು, ಮೀಸೆ ಮೇಲೆ ಕೈಯಾಡಿಸಿ, "ನೋಡ್ರಿ ಭಾವ" ಎಂದು ಗುದ್ದಿದೆ. ಮೊದಲನೆಯದು ಸ್ವಲ್ಪ ಸಪ್ಪೆಯಾಯಿತು ಅನ್ನಿಸಿತು. ಎರಡನೆಯದು ಪರವಾಗಿಲ್ಲ. ಮೂರನೆಯದನ್ನು ಭಾವನ ಮುಖ ನೆನೆಸಿಕೊಂಡು ಗುದ್ದಿದೆ. ಮುಷ್ಟಿ ಮಣಿಕಟ್ಟಿನವರೆಗೆ ಗೋಡೆಯೊಳಗೆ ಹೋಯಿತು.

ಕೈ ಹೊರಗೆ ತೆಗೆದ ಮೇಲೆ ಉಳಿದದ್ದು ತೂತು. ಅದರ ಮೇಲೆ ಕ್ಯಾಲೆಂಡರ್ ಅಂಟಿಸಿದೆ. ಫ್ಯಾನಿನ ಗಾಳಿಗೆ ಕ್ಯಾಲೆಂಡರ್ ಎದ್ದಾಗಲೆಲ್ಲ ತೂತು ಇಣುಕಿ ನೋಡುತ್ತಿತ್ತು. ಗಿರಿಜೆ ಕೇಳಿದಾಗ ಬೇರೇನೂ ಹೊಳೆಯದೆ "ಇಲಿ" ಎಂದೆ. ಅವಳು ತೂತನ್ನು ನೋಡಿದಳು, ಅದು ನೆಲದಿಂದ ಇರುವ ಎತ್ತರವನ್ನು ನೋಡಿದಳು, ಕೆಂಪಾಗಿ ಊದಿದ ನನ್ನ ಗೆಣ್ಣುಗಳನ್ನು ನೋಡಿದಳು. "ಎದ್ದ ನಿಂತು ಗುದ್ದೋ ಇಲಿ ಇದ ಮೊದಲ ನೋಡಿದ್ದು" ಎಂದಳು. ಆಮೇಲೆ ಕಣ್ಣು ತುಂಬಿಕೊಂಡಳು. "ಆ ಗ್ವಾಡಿ ಮುಂದ ಕುರ್ಚಿ ಹಾಕಿ ಮಗಳನ್ನ ಕುಂಡ್ರಸಬೇಕು ಅಂತ ಎಷ್ಟ ಆಸೆ ಇಟ್ಟಕೊಂಡಿದ್ನಿ. ಈಗ ನಮ್ಮಣ್ಣನ ಮುಂದ ಹೆಂಗ ಮಾರಿ ತೋರಸ್ಲಿ?" ಎಂದಳು. ಅಲ್ಲಿಯವರೆಗೆ ಅದು ನನ್ನ ಮತ್ತು ಭಾವನ ಜಗಳ ಎಂದುಕೊಂಡಿದ್ದೆ. ನನಗೆ ನಿಜವಾಗಿಯೂ ನಾಚಿಕೆಯಾಯಿತು.

ಗೋಡೆ ಹಾಕಿದವರು ಫೋನ್ ಎತ್ತಲಿಲ್ಲ. ಹಿಟ್ನಾಳದಿಂದ ಒಬ್ಬ ಗೌಂಡಿಯನ್ನು ಕರೆಸಿದೆ. ಅವನು ಹುಟ್ಟಿದಾಗಿನಿಂದ ಕಲ್ಲು ಇಟ್ಟಿಗೆ ಬಿಟ್ಟು ಬೇರೆ ನೋಡಿದವನಲ್ಲ. ಸಿಮೆಂಟು ಕಲಸಿ, ಕರಣೆಯಿಂದ ಒಂದು ಮುದ್ದೆ ಎತ್ತಿ ತೂತಿಗೆ ಮೆತ್ತಿದ. ಮುದ್ದೆ ಮಾಯವಾಯಿತು. ಸ್ವಲ್ಪ ಹೊತ್ತಿಗೆ ಗೋಡೆಯೊಳಗೆ ಕೆಳಗಡೆ ದೊಪ್ ಎಂದು ಸದ್ದು. ಇನ್ನೊಂದು ಮುದ್ದೆ ಹಾಕಿದ. ಅದೂ ದೊಪ್. ಮೂರನೆಯದಾದ ಮೇಲೆ ತೂತಿಗೆ ಕಣ್ಣಿಟ್ಟು ನೋಡಿ, "ಒಳಗ ಏನೂ ಇಲ್ಲಲ್ರಿ ಯಜಮಾನ್ರ" ಎಂದು ನನ್ನ ಬಗ್ಗೆ ಮರುಕಪಟ್ಟು, ಚಹಾ ಕುಡಿದು ಹೋದ. ಆ ಮೂರು ಮುದ್ದೆ ಈಗಲೂ ಅಲ್ಲೇ ಇವೆ.

ಕಡೆಗೆ ಸಿಕ್ಕವನು ಕಿನ್ನಾಳದ ದಸ್ತಗೀರಸಾಬ. ಗಂಗಾವತಿ ಕಡೆಯ ಕಲ್ಯಾಣ ಮಂಟಪಗಳಿಗೆಲ್ಲ ಇಂಥದೇ ಬೋರ್ಡಿನ ಛಾವಣಿ ಕೂಡಿಸಿದವನು. ಮಾತು ಕಡಿಮೆ. ತೂತನ್ನು ನೋಡಿ, ನನ್ನ ಕೈಯನ್ನು ನೋಡಿ, ಗರಗಸ ತೆಗೆದ. ಮುಚ್ಚಲು ಕರೆಸಿದರೆ ಕೊಯ್ಯಲು ಶುರು ಮಾಡಿದ! ನಾನು ಮಾಡಿದ್ದು ಮುಷ್ಟಿಯಷ್ಟು, ಅವನು ಮಾಡಿದ್ದು ಊಟದ ತಾಟಿನಷ್ಟು ಅಗಲದ ಚೌಕ. ನಾನು ಹೌಹಾರಿ "ಏನ ಮಾಡಾಕತ್ತೀರಿ?" ಎಂದರೆ, "ಮೊದಲ ತೂತು ದೊಡ್ಡದು ಮಾಡಬೇಕ್ರಿ ಸರ. ಮುರದದ್ದು ಎಲ್ಲಾ ಹೊರಗ ಬಂದ ಮ್ಯಾಲ ತ್ಯಾಪಿ ಗಟ್ಟಿ ಕುಂಡ್ರತೈತಿ" ಎಂದ. ಆ ಚೌಕದ ಹಿಂದೆ ಅಡ್ಡಡ್ಡ ಎರಡು ದಪ್ಪ ಕಟ್ಟಿಗೆ ಪಟ್ಟಿ ಕೂಡಿಸಿ, ಅವಕ್ಕೆ ಹೊಸ ತುಂಡು ಬೋರ್ಡನ್ನು ಸ್ಕ್ರೂ ಹೊಡೆದು ನಿಲ್ಲಿಸಿ, ಸಂದಿಗೆ ಬಟ್ಟೆಪಟ್ಟಿ ಅಂಟಿಸಿ, ಮೇಲೆ ಪುಟ್ಟಿ ಎಂಬ ಬಿಳಿ ಲೇಪ ಎಳೆದ. "ನಮ್ಮೂರಾಗ ಗೊಂಬಿ ಮಾಡೋರು ತಿಕ್ಕೂದು ಮುಗಿಯೂತನ ಬಣ್ಣ ಮುಟ್ಟಂಗಿಲ್ರಿ. ಇದೂ ಹಂಗ. ಒಣಗಲಿ, ತಿಕ್ಕತೀನಿ, ಮತ್ತೊಂದ ಕೈ ಎಳೀತೀನಿ. ಅಲ್ಲೀತನ ಯಾರೂ ಮುಟ್ಟಬ್ಯಾಡ್ರಿ" ಎಂದು ಹೇಳಿ ಹೋದ.

ಮುಟ್ಟಬೇಡಿ ಎನ್ನುವುದು ನಮ್ಮ ಕಡೆ ಹೇಳುವ ಮಾತೇ ಅಲ್ಲ. ಹಾಲು ಹಾಕುವವಳು ಮುಟ್ಟಿ "ಹಸಿ ಐತ್ರಿ" ಎಂದಳು. ಪಕ್ಕದ ಮನೆಯವರು ಮುಟ್ಟಿ "ಇನ್ನೂ ಹಸಿ ಐತಿ" ಎಂದು ಖಾತ್ರಿ ಮಾಡಿದರು. ನಾನು "ಹಸಿ ಐತಿ, ಮುಟ್ಟಬಾರದು" ಎಂದು ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿದೆ. ಅದುವರೆಗೆ ಸುಮ್ಮನಿದ್ದ ಅಂಚೆಯಣ್ಣ ಚೀಟಿ ಓದಿ, ಹೌದೋ ಅಲ್ಲವೋ ನೋಡಲು ಮುಟ್ಟಿದ. ಎರಡು ದಿನ ಇದೇ ಆಯಿತು. ದಸ್ತಗೀರ ಬರುವುದು, ತಿಕ್ಕುವುದು, ಮತ್ತೆ ಎಳೆಯುವುದು. ಕುಬಸ ಹತ್ತಿರ ಬರುತ್ತಿತ್ತು. ಗುರುವಾರ ಅವನು ಬಂದಾಗ ನಡುಮಧ್ಯದಲ್ಲಿ ಒಂದೇ ಒಂದು ಹೆಬ್ಬೆಟ್ಟಿನ ಗುರುತು ಮೂಡಿತ್ತು. ನಾನು ಊರ ಜನರಿಗೆ ಬುದ್ಧಿಯೇ ಇಲ್ಲ ಎಂದು ದೊಡ್ಡ ದನಿಯಲ್ಲಿ ಬೈಯತೊಡಗಿದೆ. ಅವನು ಬಗ್ಗಿ ನೋಡಿ, "ಇದಕ್ಕ ನಡುವ ಒಂದು ಗೀರು ಐತ್ರಿ ಸರ. ನಿಮ್ಮ ಹೆಬ್ಬಟ್ಟಿಗೂ ಐತಲ್ರಿ?" ಎಂದ. ಚಿಕ್ಕಂದಿನಲ್ಲಿ ಕುಡಗೋಲು ತಾಗಿದ ಗುರುತು ಅದು. ಕಚೇರಿಯಲ್ಲಿ ದಿನವೂ ಜನರ ಹೆಬ್ಬೆಟ್ಟು ಒತ್ತಿಸಿಕೊಳ್ಳುವ ನಾನು ನನ್ನ ಮನೆಯ ಗೋಡೆಯ ಮೇಲೆ ಸಿಕ್ಕಿಬಿದ್ದೆ. ಅಂದು ಗಿರಿಜೆ ಗೋಡೆಯ ಮುಂದೆ ಕುರ್ಚಿ ಹಾಕಿಕೊಂಡು ತಾನೇ ಕಾವಲು ಕುಳಿತಳು. ಅದನ್ನು ಯಾರಿಂದ ಕಾಯುತ್ತಿದ್ದಾಳೆ ಎಂದು ಕೇಳುವ ಅಗತ್ಯ ನನಗಿರಲಿಲ್ಲ.

ಶನಿವಾರ ಬಣ್ಣ ಬಿದ್ದ ಮೇಲೆ ತೂತು ಎಲ್ಲಿತ್ತು ಎಂದು ನಾನೇ ಹುಡುಕಬೇಕಾಯಿತು. ಭಾನುವಾರ ಹಸಿರು ಸೀರೆ, ಹಸಿರು ಬಳೆ ತೊಟ್ಟ ವಿದ್ಯಾ ಅದೇ ಗೋಡೆಯ ಮುಂದೆ ಕುಳಿತಳು. ಹೆಂಗಸರು ಉಡಿ ತುಂಬಿ ಮುಗಿಸುವ ತನಕ ಕಾದಿದ್ದ ಶರಣಪ್ಪ ತೋಳು ಮೇಲೇರಿಸಿ ಎದ್ದ. ನಾನು ಉಪಾಯವಾಗಿ ಅವನ ಕೈ ಹಿಡಿದು ತೇಪೆಯ ಜಾಗಕ್ಕೇ ಕರೆತಂದು, "ಇಲ್ಲಿ ತಟ್ರಿ ಭಾವ" ಎಂದೆ. ಹಿಂದೆ ಕಟ್ಟಿಗೆ ಪಟ್ಟಿ ಇದೆಯಲ್ಲ, ಠಕ್ ಠಕ್ ಎಂದಿತು. ಅವನ ಮುಖ ಬದಲಾಯಿತು. "ಭಾಳ ಗಟ್ಟಿ ಐತಲ್ರಿ! ತಪ್ಪಾತು ಸಾಹೇಬ್ರ, ರಟ್ಟು ಅಂದಿದ್ನಿ" ಎಂದ. ಮೂವತ್ತು ವರ್ಷಗಳಲ್ಲಿ ಅವನು ನನ್ನೆದುರು ತಪ್ಪಾಯಿತು ಎಂದದ್ದು ಅದೇ ಮೊದಲು. ಅಷ್ಟಕ್ಕೆ ಸುಮ್ಮನಿರಬೇಕಿತ್ತು. "ಪೂರ್ತಿ ಗ್ವಾಡಿ ಹಿಂಗ ಐತ್ರಿ" ಎಂದುಬಿಟ್ಟೆ.

ಅವನು ಒಂದು ಹೆಜ್ಜೆ ಸರಿದು ತಟ್ಟಿದ. ಡಬ್ ಡಬ್. ಇನ್ನೊಂದು ಹೆಜ್ಜೆ. ಡಬ್ ಡಬ್. ತಿರುಗಿ ಚೌಕಕ್ಕೆ ಬಂದ. ಠಕ್ ಠಕ್. ಪಡಸಾಲೆಯಲ್ಲಿದ್ದವರೆಲ್ಲ ನಮ್ಮ ಕಡೆ ತಿರುಗಿದರು. ತಾಯಿಯಿಂದ ಎಲ್ಲ ಕೇಳಿ ತಿಳಿದಿದ್ದ ವಿದ್ಯಾಳಿಗೆ ನಗು ತಡೆಯಲಾಗಲಿಲ್ಲ. "ಮಾಮಾ, ಅಪ್ಪ ಗುದ್ದಿ ಒಡದ ಜಾಗ ಮಾತ್ರ ಗಟ್ಟಿ ಐತಿ. ಅಲ್ಲಿ ಊಟಕ್ಕ ಕುಂತಾರಲ್ಲ ದಸ್ತಗೀರಸಾಬ್ರು, ಅವ್ರು ಒಳಗ ಎರಡ ಪಟ್ಟಿ ಹಾಕ್ಯಾರ" ಎಂದಳು. ಶರಣಪ್ಪ ನನ್ನನ್ನು ದಿಟ್ಟಿಸಿದ. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ. ಗಿರಿಜೆಯೂ ನಕ್ಕಳು. ಎಂಟು ದಿನದ ನಂತರ ಅವಳು ನಕ್ಕದ್ದು ನೋಡಿ ನನ್ನ ಜೀವ ತಣ್ಣಗಾಯಿತು. ಅಷ್ಟರಲ್ಲಿ ಶರಣಪ್ಪ ಥೇಟ್ ತನ್ನ ಅಪ್ಪನ ಹಾಗೆ ನನ್ನ ಬೆನ್ನಿಗೆ ಎರಡು ಸಲ ಬಲವಾಗಿ ತಟ್ಟಿ, ಕಿವಿಗೊಟ್ಟು ಕೇಳಿ, "ಇದೂ ಟೊಳ್ಳ ಐತಿ! ದಸ್ತಗೀರಸಾಬ್ರ, ಇವರಿಗೂ ಒಳಗ ಎರಡ ಪಟ್ಟಿ ಹಾಕಾಕ ಬರತೈತೇನ್ರಿ?" ಎಂದು ಕೂಗಿದ.

ಊಟದ ಪಂಕ್ತಿಯಲ್ಲಿ ಹೋಳಿಗೆ ಮುರಿಯುತ್ತಿದ್ದ ದಸ್ತಗೀರ ತಲೆ ಎತ್ತಿ, ಆ ದಿನ ಗೋಡೆಯನ್ನು ನೋಡಿದಂತೆಯೇ ನನ್ನನ್ನು ಮೇಲಿನಿಂದ ಕೆಳಗೆ ನೋಡಿದ. "ಬರತೈತ್ರಿ" ಎಂದ. "ಆದ್ರ ಮೊದಲ ತೂತು ದೊಡ್ಡದು ಮಾಡಬೇಕಾಗತೈತ್ರಿ."

ನಾನು ಗಿರಿಜೆಯ ಕಡೆ ನೋಡಿದೆ. ಅವಳು ಬೇಡ ಎನ್ನಬಹುದಿತ್ತು. ಎಷ್ಟು ದಿನದ ಕೆಲಸ ಎಂದು ಕೇಳಿದಳು.