ಎರಡು ತಟ್ಟಿದರೆ ರೈಟ್

"ಮನೆಯನ್ನೇ ಬಸ್ಸು ಮಾಡಿಬಿಡೋಣ" ಎಂದು ಕಂಡಕ್ಟರು ಘೋಷಿಸಿದಾಗ ಅವರ ಹೆಂಡತಿಯ ಕೈಯಲ್ಲಿದ್ದ ಸೌಟು ನೆಲಕ್ಕೆ ಬಿತ್ತು.

"ಸೋಂಕು ನೇರ ತಲೆಗೇ ಏರಿತಾ ನಿಮಗೆ?"

ಏರಿದ್ದು ಸೋಂಕಲ್ಲ, ಐಡಿಯಾ. ಮಹಾಮಾರಿಯ ದೆಸೆಯಿಂದ ಮಗಳ ನಿಶ್ಚಿತಾರ್ಥ ಆಗಲೇ ಎರಡು ಸಲ ಮುಂದಕ್ಕೆ ಹೋಗಿತ್ತು. ಮನೆಗೆ ಒಮ್ಮೆಗೆ ಹತ್ತು ನೆಂಟರಿಗಿಂತ ಹೆಚ್ಚು ಬರಕೂಡದೆಂದು ಸರ್ಕಾರದ ಆಜ್ಞೆ. ನೆಂಟರೋ, ಕರೆಯದಿದ್ದರೆ ಜನ್ಮವಿಡೀ ಮುಖ ತಿರುಗಿಸುವವರೇ ನಲವತ್ತು ಮಂದಿ. ಬಸ್ಸುಗಳೆಲ್ಲ ನಾಲ್ಕು ತಿಂಗಳಿಂದ ಡಿಪೋದಲ್ಲಿ ಮಲಗಿದ್ದವು. ಮಲಗದೆ ಓಡುತ್ತಿದ್ದದ್ದು ಕಂಡಕ್ಟರ ತಲೆಯೊಂದೇ.

"ಮುಂಬಾಗಿಲಲ್ಲಿ ಹತ್ತೋದು, ಹಿಂಬಾಗಿಲಲ್ಲಿ ಇಳಿಯೋದು. ಹತ್ತತ್ತು ಜನ, ಹತ್ತತ್ತು ನಿಮಿಷ, ನಾಲ್ಕು ಟ್ರಿಪ್ಪು. ಕಡೇ ಟ್ರಿಪ್ಪಲ್ಲಿ ಬೀಗರೂ ಹಿರಿಯರೂ. ಆಗ ಉಂಗುರ."

ಈ ಸಾಹಸದ ಹಿಂದೆ ಒಂದು ಹಳೆಯ ನೋವಿತ್ತು. ಮಗಳು ಮೊದಲ ಹೆಜ್ಜೆ ಇಟ್ಟಾಗ ಕಂಡಕ್ಟರು ಡ್ಯೂಟಿಯಲ್ಲಿದ್ದರು. ಶಾಲೆಯಲ್ಲಿ ಬಹುಮಾನ ತೆಗೆದುಕೊಂಡಾಗಲೂ ಡ್ಯೂಟಿಯಲ್ಲಿದ್ದರು. ಡಿಗ್ರಿ ಪಡೆದ ದಿನ ರಜೆ ಹಾಕಿ ಹೊರಟವರು, ತಾವು ಕೂತ ಬಸ್ಸೇ ಪಂಕ್ಚರಾಗಿ ನಡುದಾರಿಯಲ್ಲಿ ನಿಂತಿದ್ದರು.

"ಅಪ್ಪಾ, ಈ ಸಲ ನೀವು ನನ್ನ ಪಕ್ಕದಲ್ಲೇ ನಿಂತಿರಬೇಕು. ಉಂಗುರದ ಡಬ್ಬಿ ನೀವೇ ತೆರೀಬೇಕು" ಎಂದಿದ್ದಳು ಮಗಳು.

"ಭೂಮಿ ಬಾಯಿ ಬಿಟ್ಟರೂ ಇರ್ತೀನಮ್ಮಾ" ಎಂದಿದ್ದರು ಕಂಡಕ್ಟರು. (ಭೂಮಿ ಬಾಯಿ ಬಿಡಲಿಲ್ಲ. ಅದಕ್ಕೆ ಆ ಕಷ್ಟವನ್ನೂ ಅವರು ಕೊಡಲಿಲ್ಲ.)

ಒಂದು ವಾರ ಮನೆಯಲ್ಲಿ ತಾಲೀಮು ನಡೆಯಿತು. ಕಂಡಕ್ಟರು ಹಾಲ್‌ನ ನೆಲದ ಮೇಲೆ ಸುಣ್ಣದಲ್ಲಿ ನಿಲ್ಲುವ ಚೌಕಗಳನ್ನು ಬರೆದರು. ಇಳಿದವರು ಕಳ್ಳತನದಿಂದ ಮತ್ತೆ ಹತ್ತದಂತೆ ಹಿಂಬಾಗಿಲಿಗೆ ಹೊಸ ಬೀಗ ಹಾಕಿಸಿದರು. ಬಾಗಿಲು ಮುಚ್ಚಿದರೆ ಸಾಕು, ತಾನೇ ಬೀಳುವ ಬೀಗ. ತೆರೆಯುವುದು ಒಳಗಿನಿಂದ ಮಾತ್ರ. ತೊಡಕಾದದ್ದು ಸೀಟಿಯೊಂದೇ.

"ಮಾಸ್ಕ್ ತೆಗೆದು ಸೀಟಿ ಊದ್ತೀರಾ? ಮದುವೆ ಹುಡುಗನ ಮುಖಕ್ಕೆ?" ಎಂದು ಹೆಂಡತಿ ಅದನ್ನು ಕಿತ್ತು ಡಬ್ಬಿಗೆ ಹಾಕಿದರು.

"ಸರಿ, ಕೈಯಲ್ಲೇ ತಟ್ತೀನಿ. ಒಂದು ತಟ್ಟಿದರೆ ಹೋಲ್ಡಾನ್. ಎರಡು ತಟ್ಟಿದರೆ ರೈಟ್. ಕಡೇ ಟ್ರಿಪ್ಪಲ್ಲಿ ನಾನು ಹಿಂಬಾಗಿಲು ಭದ್ರ ಮಾಡಿ ಎರಡು ತಟ್ಟಿದ ಕೂಡಲೇ ಉಂಗುರದ ಕೆಲಸ ಶುರು ಮಾಡು. ನಾಲ್ಕು ಹೆಜ್ಜೆಗೆ ನಾನು ಅಲ್ಲಿರ್ತೀನಿ. ಎದುರು ಪ್ರಶ್ನೆ ಬೇಡ."

"ನಾನು ಯಾವಾಗ ಪ್ರಶ್ನೆ ಕೇಳಿದ್ದೀನಿ?" ಎಂದು ಕೇಳಿದರು ಹೆಂಡತಿ.

ಆ ದಿನ ಮೊದಲ ಎರಡು ಟ್ರಿಪ್ಪುಗಳು ಗಡಿಯಾರ ನಾಚುವಂತೆ ಓಡಿದವು. ಕಿಟಕಿಗಳೆಲ್ಲ ತೆರೆದಿದ್ದವು, ಜೋಡಿ ಸೋಫಾದ ಮೇಲಿತ್ತು, ಎದುರಿಗೆ ಫೋಟೋಗ್ರಾಫರ್ ನಿಂತಿದ್ದ. ಕಂಡಕ್ಟರು ನಡುಮನೆಯಲ್ಲಿ ಸೇನಾಪತಿಯಂತೆ ನಿಂತು, "ಮುಂದೆ ಹೋಗಿ, ಮುಂದೆ ಹೋಗಿ! ಕಿಟಕಿ ಹತ್ರ ನಿಲ್ಲಬೇಡಿ!" ಎಂದು ಗರ್ಜಿಸುತ್ತಿದ್ದರು. ನಾಲ್ಕು ತಿಂಗಳ ಮೇಲೆ ಅವರ ಮುಖಕ್ಕೆ ಕಳೆ ಬಂದಿತ್ತು.

ಮೂರನೆಯ ಟ್ರಿಪ್ಪಿನಲ್ಲಿ ಎಲ್ಲರೂ ಇಳಿದರೂ ಹೆಂಡತಿಯ ಅಕ್ಕ ಇಳಿಯಲಿಲ್ಲ. ಮುಂಬಾಗಿಲಲ್ಲಿ ಕಡೇ ಟ್ರಿಪ್ಪಿನವರು ಹತ್ತಿಯಾಗಿತ್ತು, ಅಗುಳಿಯೂ ಬಿದ್ದಿತ್ತು. ಇವರು ಮಾತ್ರ ಅಡುಗೆಮನೆಯಲ್ಲಿ ನಿಧಾನವಾಗಿ ಹಣ್ಣಿನ ರಸ ಹೀರುತ್ತಿದ್ದರು.

"ಅತ್ತಿಗೆ, ನಿಮ್ಮ ಸ್ಟಾಪ್ ಬಂತು."

"ಹೆತ್ತ ತಾಯಿಯ ಅಕ್ಕ ರೀ ನಾನು! ಉಂಗುರ ನೋಡದೆ ಹೋಗಲಾ?"

"ಹನ್ನೊಂದನೆಯವರು ನೀವು. ಕಾನೂನಿಗೆ ಅಕ್ಕ ತಂಗಿ ಇಲ್ಲ. ಇಳೀರಿ."

"ಮೊಣಕಾಲು ನೋವು. ಮೆಟ್ಟಿಲು ಇಳಿಸೋರು ಯಾರು?"

ಕಂಡಕ್ಟರು ಮೊದಲು ತಾವಿಳಿದು, ಬಟ್ಟೆಯ ಗವಸು ಹಾಕಿದ ಕೈ ಕೊಟ್ಟು, ಅತ್ತಿಗೆಯನ್ನು ಮೂರು ಮೆಟ್ಟಿಲು ಇಳಿಸಿದರು. ಇಪ್ಪತ್ತೆಂಟು ವರ್ಷ ಮುದುಕಿಯರನ್ನು ಹೀಗೇ ಇಳಿಸಿದವರು. ಮುಂದಿನದನ್ನು ಮಾಡಿದ್ದು ತಲೆಯಲ್ಲ, ಕೈ. ಎಡಗೈ ಬಾಗಿಲನ್ನು ಎಳೆಯಿತು. ಬಲಗೈ ಅದರ ಮೇಲೆ ಎರಡು ಸಲ ಬಡಿಯಿತು. ಧಡ್, ಧಡ್.

"ರೈಟ್ ರೈಟ್!" ಎಂದರು ಕಂಡಕ್ಟರು. ಬೀಗ ಟಕ್ಕೆಂದು ಬಿತ್ತು.

ಬಸ್ಸು ಹೊರಟಿತು. ಕಂಡಕ್ಟರು ಹೊರಗಿದ್ದರು.

ಬಾಗಿಲು ತೆಗೆಯಿರೆಂದು ಅವರು ಕೂಗಿದ್ದು ಒಳಗಿನ ಗದ್ದಲದಲ್ಲಿ ಮುಳುಗಿತು. ಒಳಗಿನಿಂದ ಮಗಳ ದನಿ: "ಅಪ್ಪ ಎಲ್ಲಮ್ಮ?"

"ಹಿಂದೆ ಇದ್ದಾರೆ ಕಣೇ, ತಟ್ಟಿದ್ದು ಕೇಳಿಸ್ಲಿಲ್ವಾ? ಬಂದೇ ಬಿಟ್ರು. ಡಬ್ಬಿ ತೆಗಿ."

ಕಂಡಕ್ಟರು ಎರಡೂ ಕೈಗಳಿಂದ ಬಾಗಿಲು ಬಡಿದರು. ಧಡ್ ಧಡ್, ಧಡ್ ಧಡ್, ಧಡ್ ಧಡ್!

"ಅಯ್ಯೋ, ಬೇಗ ಬೇಗ ಅಂತಿದ್ದಾರೆ ನೋಡು! ಟೈಮ್ ಮೀರುತ್ತಂತೆ. ಬೆರಳು ಚಾಚಪ್ಪಾ, ನೀನೂ ಚಾಚೇ!"

ಅವರು ಇನ್ನೂ ಜೋರಾಗಿ ಬಡಿದರು. ಒಳಗೆ ಇನ್ನೂ ಚುರುಕಾಯಿತು. ಕೊನೆಗೆ ಹೊಳೆಯಿತು. ಹೋಲ್ಡಾನ್! ಜೀವವೆಲ್ಲ ಕೈಗೆ ತಂದುಕೊಂಡು ಒಂದೇ ಒಂದು ಏಟು ಕೊಟ್ಟರು.

ಧಡ್.

ಒಳಗೆಲ್ಲ ಗಪ್‌ಚಿಪ್. ಹೊರಗೆ ಕಂಡಕ್ಟರು ನಿಟ್ಟುಸಿರು ಬಿಟ್ಟರು. ಮನೆಯನ್ನು ಸುತ್ತಿ ಓಡಿ ಹಾಲ್‌ನ ಕಿಟಕಿಯ ಸರಳು ಹಿಡಿದರು. ಹತ್ತೂ ಜನ ತಮ್ಮ ತಮ್ಮ ಚೌಕದಲ್ಲಿ ಕಲ್ಲಾಗಿ ನಿಂತಿದ್ದರು. ಮಗಳ ಬೆರಳಿನ ಬುಡದಲ್ಲಿ ಉಂಗುರ ಹೊಳೆಯುತ್ತಿತ್ತು.

"ಅಪ್ಪಾ! ಹೊರಗೇನ್ ಮಾಡ್ತಿದ್ದೀರಿ?" ಮಗಳ ಕಣ್ಣು ತುಂಬಿ ಬಂತು.

"ಯಾಕೆ ಶುರು ಮಾಡಿದ್ರಿ?" ಎಂದರು ಕಂಡಕ್ಟರು.

"ಎರಡು ತಟ್ಟಿದ್ರಿ, ಮಾಡಿದ್ವಿ" ಎಂದರು ಹೆಂಡತಿ. ಅವರ ಮುಖವೂ ಬಿಳಿಚಿತ್ತು. "ಎದುರು ಪ್ರಶ್ನೆ ಬೇಡ ಅಂದೋರು ನೀವೇ."

ಇಪ್ಪತ್ತೆಂಟು ವರ್ಷದ ಸಂಸಾರದಲ್ಲಿ ಆಕೆ ಗಂಡನ ಮಾತನ್ನು ಅಕ್ಷರಶಃ ಪಾಲಿಸಿದ್ದು ಅದೇ ಮೊದಲು. ಅದೇ ಕಡೆಯದೂ ಆಯಿತು.

ಅಷ್ಟರಲ್ಲಿ ಅತ್ತಿಗೆ (ಮೊಣಕಾಲು ನೋವೆಲ್ಲಿ ಹೋಯಿತೋ) ಅವರ ಪಕ್ಕಕ್ಕೆ ಬಂದು, ಸರಳುಗಳ ನಡುವೆ ಮೂಗು ತೂರಿಸಿ, "ಇಲ್ಲಿಂದ ಚೆನ್ನಾಗೇ ಕಾಣುತ್ತೆ ರೀ" ಎಂದರು.

ಒಳಗೆ ಫೋಟೋಗ್ರಾಫರ್ ಕ್ಯಾಮೆರಾ ಎತ್ತಿದ, ಇಳಿಸಿದ, ಕಿಟಕಿಯತ್ತ ರೇಗಿ ಕೈ ಬೀಸಿದ.

"ಯಾರ್ರೀ ಅದು, ಬೆಳಕಿಗೆ ಅಡ್ಡ! ಮುಂದೆ ಹೋಗಿ, ಮುಂದೆ ಹೋಗಿ! ಕಿಟಕಿ ಹತ್ರ ನಿಲ್ಲಬೇಡಿ!"

ಕಂಡಕ್ಟರು ಮುಂದೆ ಹೋದರು.